ಒಂದೇ ಹಾದಿಯಲ್ಲಿ ಕರೆಂಟು ಮತ್ತು ನೀರು

ಒದ್ದೆ ಕೈಯಿಂದ ಸ್ವಿಚ್ ಮುಟ್ಟಬಾರದು ಎಂಬುದು ಮನೆಯಲ್ಲಿ ಮಕ್ಕಳಿಗೆ ಕಲಿಸುವ ವಿದ್ಯುತ್ತಿನ ಮೊದಲ ಪಾಠ. ನೀರು ಮತ್ತು ಕರೆಂಟು ಹಾವು ಮುಂಗುಸಿ ಇದ್ದ ಹಾಗೆ, ಅವೆರಡನ್ನೂ ದೂರ ದೂರವೇ ಇಡಬೇಕು ಎಂದು ಎಲ್ಲರೂ ನಂಬಿದ್ದಾರೆ. ನಂಬಿಕೆ ಒಳ್ಳೆಯದೇ, ಅದರಿಂದ ಎಷ್ಟೋ ಜೀವಗಳು ಉಳಿದಿವೆ. ಆದರೆ ಕಲಬುರಗಿಯಿಂದ ಹುಮನಾಬಾದ್ ರಸ್ತೆ ಹಿಡಿದು ಕಮಲಾಪುರಕ್ಕೆ ಹೋದರೆ, ತೋಟಗಳಿಗೆ ನೀರೆತ್ತುವ ಸಬ್‌ಮರ್ಸಿಬಲ್ ಮೋಟರುಗಳು ಬೋರಿನ ಆಳದಲ್ಲಿ ಹಗಲೂ ರಾತ್ರಿ ನೀರಿನಲ್ಲೇ ಮುಳುಗಿರುತ್ತವೆ. ಹೊರಗೆ ಮಾತ್ರವಲ್ಲ, ಅವುಗಳಲ್ಲಿ ಅನೇಕ ಮೋಟರುಗಳ ಹೊಟ್ಟೆಯೊಳಗೂ ನೀರೇ ತುಂಬಿರುತ್ತದೆ.

ಇದಕ್ಕಿಂತ ಸೋಜಿಗದ ಸಂಗತಿ ಬಳ್ಳಾರಿ ಜಿಲ್ಲೆಯ ಕುಡತಿನಿಯಲ್ಲಿದೆ. ರಾಜ್ಯದ ವಿದ್ಯುತ್ ಜಾಲಕ್ಕೆ ಕರೆಂಟು ಕೊಡುವ ಅಲ್ಲಿನ ಶಾಖೋತ್ಪನ್ನ ಕೇಂದ್ರದಲ್ಲಿ 500 ಮೆಗಾವಾಟ್ ಸಾಮರ್ಥ್ಯದ ವಿದ್ಯುಜ್ಜನಕಗಳಿವೆ. ಅವುಗಳಲ್ಲಿ ಸಾವಿರಾರು ಆಂಪಿಯರ್ ಕರೆಂಟು ಹರಿಯುವ ತಾಮ್ರದ ಸರಳುಗಳ ಒಳಗೇ ನೀರು ಓಡುತ್ತಿರುತ್ತದೆ. ಕರೆಂಟಿಗೂ ನೀರಿಗೂ ಹಾದಿ ಒಂದೇ, ಬಾಗಿಲೂ ಒಂದೇ. ಹಾಗಿದ್ದರೂ ಯಂತ್ರ ಸಿಡಿಯುವುದಿಲ್ಲ, ಯಾರಿಗೂ ಶಾಕ್ ಹೊಡೆಯುವುದಿಲ್ಲ. ಇದು ಹೇಗೆ ಸಾಧ್ಯ?

ಉತ್ತರ ತಿಳಿಯಬೇಕಾದರೆ ಮೊದಲು ಬಿಸಿಯ ಲೆಕ್ಕ ತಿಳಿಯಬೇಕು. ಆಮೇಲೆ ಜೋಡಣೆಯ ಗುಟ್ಟು. ಕಮಲಾಪುರದ ರೈತನ ಮೋಟರಿರಲಿ, ಕುಡತಿನಿಯ ದೈತ್ಯ ಯಂತ್ರವಿರಲಿ, ಅದರ ಆಯುಸ್ಸು ತೀರ್ಮಾನವಾಗುವುದು ಹೆಚ್ಚಾಗಿ ಈ ಜೋಡಣೆಯ ಜಾಗದಲ್ಲೇ.

ಬಿಸಿಯೇ ವೈರಿ

ತಂತಿಯಲ್ಲಿ ಕರೆಂಟು ಹರಿದರೆ ತಂತಿ ಕಾಯುತ್ತದೆ. ಕರೆಂಟು ಎರಡರಷ್ಟಾದರೆ ಬಿಸಿ ನಾಲ್ಕರಷ್ಟಾಗುತ್ತದೆ. ಮೋಟರಿನ ತಾಮ್ರಕ್ಕೆ ಈ ಬಿಸಿಯಿಂದ ಹೆಚ್ಚು ತೊಂದರೆಯಿಲ್ಲ. ಅದರ ಮೇಲೆ ಹೊದಿಸಿದ ಅವಾಹಕದ ಪದರಕ್ಕೆ ತೊಂದರೆ. ತಡೆದುಕೊಳ್ಳಬಲ್ಲ ಮಿತಿಗಿಂತ ಪ್ರತಿ 10 ಡಿಗ್ರಿ ಸೆಲ್ಸಿಯಸ್ ಹೆಚ್ಚು ಬಿಸಿಗೆ ಅವಾಹಕದ ಆಯುಸ್ಸು ಅರ್ಧಕ್ಕಿಳಿಯುತ್ತದೆ ಎಂಬುದು ಎಂಜಿನಿಯರುಗಳ ರೂಢಿಯ ಲೆಕ್ಕ. ಹಾಗಾಗಿ ಯಂತ್ರ ಎಷ್ಟು ಕೆಲಸ ಮಾಡಬಲ್ಲದು ಎಂಬುದು ಬಹುಮಟ್ಟಿಗೆ ಅದರ ಬಿಸಿಯನ್ನು ಎಷ್ಟು ಬೇಗ ಹೊರಗೆ ಸಾಗಿಸಬಹುದು ಎಂಬುದರ ಮೇಲೆ ನಿಂತಿದೆ.

ಕಲಬುರಗಿಯ ದಾಲ್ ಮಿಲ್ಲುಗಳಲ್ಲಿ ತೊಗರಿ ಒಡೆಯುವ ಯಂತ್ರಗಳನ್ನು ತಿರುಗಿಸುವ ಮೋಟರುಗಳನ್ನು ನೋಡಿ. ಮೈತುಂಬ ಪಕ್ಕೆಲುಬಿನಂಥ ಏಣುಗಳು, ಹಿಂದೆ ಒಂದು ಫ್ಯಾನು. ಗಾಳಿಯೇ ಬಿಸಿಯನ್ನು ಒಯ್ಯಬೇಕು. ಏಪ್ರಿಲ್-ಮೇ ತಿಂಗಳಲ್ಲಿ ಗಾಳಿಯೇ 40 ಡಿಗ್ರಿ ದಾಟಿ ಕಾದಿರುವ ಈ ಊರಿನಲ್ಲಿ, ಅದರ ಮೇಲೆ ಬೇಳೆಯ ಧೂಳು ಏಣುಗಳ ಸಂದಿಯಲ್ಲಿ ಕೂತರೆ, ಮೋಟರಿಗೆ ಉಸಿರುಗಟ್ಟಿದಂತೆಯೇ ಸರಿ.

ನೀರಿನ ಶಕ್ತಿ ಬೇರೆ. ಒಂದು ಲೀಟರ್ ಗಾಳಿ ಮತ್ತು ಒಂದು ಲೀಟರ್ ನೀರನ್ನು ಒಂದೊಂದು ಡಿಗ್ರಿ ಕಾಯಿಸಲು ಬೇಕಾದ ಶಾಖವನ್ನು ಹೋಲಿಸಿದರೆ ನೀರಿಗೆ ಗಾಳಿಗಿಂತ ಸುಮಾರು 3,500 ಪಟ್ಟು ಹೆಚ್ಚು ಬೇಕು. ಅಂದರೆ ಅಷ್ಟೇ ಜಾಗದಲ್ಲಿ ನೀರು ಅಷ್ಟು ಹೆಚ್ಚು ಬಿಸಿಯನ್ನು ಹೊತ್ತೊಯ್ಯಬಲ್ಲದು. ಸೆಕೆಂಡಿಗೆ ಒಂದು ಲೀಟರ್ ನೀರು ಹರಿದು ಅದು 10 ಡಿಗ್ರಿ ಬಿಸಿಯಾಗಿ ಹೊರಬಂದರೆ ಸುಮಾರು 42 ಕಿಲೋವಾಟ್ ಶಾಖವನ್ನು ಒಯ್ದಂತಾಯಿತು. ಮನೆಯಲ್ಲಿ ಬಳಸುವ 2 ಕಿಲೋವಾಟಿನ 21 ಗೀಸರುಗಳ ಬಿಸಿ ಅದು!

ಬೋರಿನ ಆಳದಲ್ಲಿ

ಕಮಲಾಪುರದ ಕೆಂಪು ಬಾಳೆ ಭೌಗೋಳಿಕ ಸೂಚ್ಯಂಕದ ಮಾನ್ಯತೆ ಪಡೆದ ಹಣ್ಣು. ಮಾಮೂಲಿ ಬಾಳೆ ವರ್ಷಕ್ಕೆ ಗೊನೆ ಬಿಟ್ಟರೆ, ಇದು ಸುಮಾರು ಒಂದೂವರೆ ವರ್ಷ ತೆಗೆದುಕೊಳ್ಳುತ್ತದೆ. ಅಷ್ಟು ದಿನ ನೀರು ತಪ್ಪಬಾರದು. ನಟ್ಟನಡು ಬೇಸಿಗೆಯಲ್ಲಿ ಮೋಟರು ಸುಟ್ಟರೆ, ಬೋರಿನಿಂದ ಪೈಪುಗಳನ್ನು ಒಂದೊಂದಾಗಿ ಎತ್ತಿ, ಮೋಟರನ್ನು ರಿವೈಂಡಿಂಗ್ ಅಂಗಡಿಗೆ ಒಯ್ದು, ಮತ್ತೆ ಇಳಿಸುವಷ್ಟರಲ್ಲಿ ಬೆಳೆ ಬಾಡಿರುತ್ತದೆ. ಖರ್ಚು ಬೇರೆ.

ಬೋರಿನಲ್ಲಿ ಜಾಗವೇ ಇಲ್ಲ. ಆರೆಂಟು ಇಂಚಿನ ಕೊಳವೆಯೊಳಗೆ ಇಳಿಯುವಂತೆ ಮೋಟರನ್ನು ಒನಕೆಯ ಹಾಗೆ ಉದ್ದಕ್ಕೆ, ಸಪೂರಕ್ಕೆ ಮಾಡಿರುತ್ತಾರೆ. ಫ್ಯಾನು ಕೂಡಿಸಲು ಸ್ಥಳವಿಲ್ಲ, ಗಾಳಿಯೂ ಇಲ್ಲ. ಆದ್ದರಿಂದ ನೀರು ತುಂಬುವ ಬಗೆಯ ಮೋಟರುಗಳಲ್ಲಿ, ಇಳಿಸುವ ಮೊದಲು ಹೊಟ್ಟೆಯೊಳಗೆ ಶುದ್ಧವಾದ ನೀರು ತುಂಬುತ್ತಾರೆ. ಸುರುಳಿಯ ತಂತಿಗೆ ನೀರು ತಾಗದಂತೆ ಪ್ಲಾಸ್ಟಿಕ್ಕಿನ ಹೊದಿಕೆಯಿರುತ್ತದೆ. ಒಳಗಿನ ನೀರು ಎರಡು ಕೆಲಸ ಮಾಡುತ್ತದೆ: ಬೇರಿಂಗುಗಳಿಗೆ ಎಣ್ಣೆಯ ಬದಲು ಜಾರಿಕೆ ಒದಗಿಸುತ್ತದೆ, ಸುರುಳಿಯ ಬಿಸಿಯನ್ನು ಹೊರಕವಚಕ್ಕೆ ಮುಟ್ಟಿಸುತ್ತದೆ. ಬಿಸಿಯಾದಾಗ ಆ ನೀರು ಹಿಗ್ಗಲು ಅನುವಾಗಲೆಂದು ತಳದಲ್ಲಿ ರಬ್ಬರಿನ ಪೊರೆಯೊಂದನ್ನು ಇಟ್ಟಿರುತ್ತಾರೆ.

ಪಂಪು ಮೇಲೆ, ಮೋಟರು ಕೆಳಗೆ ಇರುವುದಕ್ಕೂ ಕಾರಣವಿದೆ. ಪಂಪು ಹೀರುವ ನೀರು ಮೋಟರಿನ ಮೈ ಸವರಿಕೊಂಡು ಮೇಲೇರಿದರೆ ಕವಚದ ಬಿಸಿಯನ್ನೂ ಒಯ್ಯುತ್ತದೆ. 10 ಅಶ್ವಶಕ್ತಿಯ ಮೋಟರಿನ ದಕ್ಷತೆ ನೂರಕ್ಕೆ 80 ಎಂದಿಟ್ಟುಕೊಂಡರೆ ಸುಮಾರು 1.9 ಕಿಲೋವಾಟ್ ಬಿಸಿಯಾಗಿ ಹೋಗುತ್ತದೆ. ಬೋರಿನೊಳಗೆ ಒಂದು ಗೀಸರ್ ಸದಾ ಉರಿಯುತ್ತಿರುವಂತೆ! ಆದರೂ ಸೆಕೆಂಡಿಗೆ 4 ಲೀಟರ್ ನೀರು ಹರಿಯುತ್ತಿದ್ದರೆ ಆ ನೀರು ಕಾಯುವುದು ಒಂದು ಡಿಗ್ರಿಯ ಹತ್ತನೆಯ ಒಂದು ಭಾಗದಷ್ಟು ಮಾತ್ರ. ಕಾಲುವೆಗೆ ಬಿದ್ದ ನೀರನ್ನು ಮುಟ್ಟಿ ನೋಡಿದರೆ ಏನೂ ತಿಳಿಯದು. ಬೋರಿನ ನೀರು ತಳ ಕಂಡು ಮೋಟರು ಬರಿದೇ ತಿರುಗಿದಾಗ ಮಾತ್ರ ಆ ಗೀಸರಿನ ಬಿಸಿಗೆ ಹೋಗಲು ದಾರಿಯಿಲ್ಲದೆ ಸುರುಳಿ ಸುಡುತ್ತದೆ.

ಟೊಳ್ಳು ತಾಮ್ರದ ಯುಕ್ತಿ

ಮೋಟರಿನಲ್ಲಿ ಕರೆಂಟು ಕೆಲಸವಾಗುತ್ತದೆ. ವಿದ್ಯುಜ್ಜನಕದಲ್ಲಿ ಕೆಲಸ ಕರೆಂಟಾಗುತ್ತದೆ. ಎರಡರ ಒಡಲೂ ಹೆಚ್ಚುಕಡಿಮೆ ಒಂದೇ ಬಗೆಯದು, ಎರಡಕ್ಕೂ ಬಿಸಿಯ ಕಾಟ ಒಂದೇ. ಆದರೆ ಗಾತ್ರ ಬೆಳೆದಂತೆ ಕಾಟ ಬಲು ಬೇಗ ಬೆಳೆಯುತ್ತದೆ.

ಕೋಲಾರದ ಚಿನ್ನದ ಗಣಿಗಳಿಗೆ ಕರೆಂಟು ಕಳಿಸಲು 1902ರಲ್ಲಿ ಶಿವನಸಮುದ್ರದಲ್ಲಿ ವಿದ್ಯುತ್ ಉತ್ಪಾದನೆ ಶುರುವಾದಾಗ ಯಂತ್ರಗಳನ್ನು ತಂಪಾಗಿಡಲು ಗಾಳಿಯೇ ಸಾಕಿತ್ತು. ಯಂತ್ರಗಳು ದೊಡ್ಡದಾದ ಮೇಲೆ ಗಾಳಿ ಸಾಲದಾಯಿತು. 1937ರಲ್ಲಿ ಅಮೆರಿಕದ ಡೇಟನ್ ನಗರದಲ್ಲಿ ಗಾಳಿಯ ಬದಲು ಜಲಜನಕ ತುಂಬಿದ ಟರ್ಬೈನ್ ವಿದ್ಯುಜ್ಜನಕ ಕೆಲಸಕ್ಕಿಳಿಯಿತು. ಜಲಜನಕದ ಭಾರ ಗಾಳಿಯ ಹದಿನಾಲ್ಕನೆಯ ಒಂದು ಪಾಲು. ಬಿಸಿಯನ್ನು ದಾಟಿಸುವ ಗುಣ ಗಾಳಿಯ ಸುಮಾರು ಏಳು ಪಟ್ಟು. ಆದರೆ ಅದೂ ಸುರುಳಿಯ ಅವಾಹಕದ ಹೊರಗೇ ಸುತ್ತಬೇಕಿತ್ತು. ಚಳಿಗೆ ಹೊದ್ದ ಕಂಬಳಿಯ ಮೇಲಿನಿಂದ ಮೈಗೆ ಗಾಳಿ ಬೀಸಿದ ಹಾಗೆ. ಕಂಬಳಿಯೊಳಗಿನ ಬಿಸಿಯನ್ನು ಒಳಗಿಂದಲೇ ತೆಗೆದರೆ ಹೇಗೆ ಎಂಬ ಯೋಚನೆಯಿಂದ ಟೊಳ್ಳು ತಾಮ್ರದ ವಾಹಕಗಳು ಬಂದವು. 1956ರಲ್ಲಿ ಇಂಗ್ಲೆಂಡಿನ ಬೋಲ್ಡ್ ವಿದ್ಯುತ್ ಕೇಂದ್ರದಲ್ಲಿ ಮೆಟ್ರೊಪಾಲಿಟನ್ ವಿಕರ್ಸ್ ಕಂಪನಿಯ 30 ಮೆಗಾವಾಟ್ ಯಂತ್ರದ ಸುರುಳಿಯೊಳಗೆ ಮೊದಲ ಬಾರಿಗೆ ನೀರು ಹರಿಯಿತು.

ಕುಡತಿನಿಯ 500 ಮೆಗಾವಾಟ್ ಯಂತ್ರಗಳು ಸಾರ್ವಜನಿಕ ವಲಯದ ಬಿಎಚ್‌ಇಎಲ್ ತಯಾರಿಕೆ. ಇವುಗಳಲ್ಲಿ ತಿರುಗುವ ಭಾಗವಾದ ರೋಟರಿಗೆ ಜಲಜನಕದ ತಂಪು; ಕರೆಂಟು ಹುಟ್ಟುವ ಸ್ಥಿರಭಾಗವಾದ ಸ್ಟೇಟರ್ ಸುರುಳಿಗೆ ನೀರಿನ ತಂಪು. 21,000 ವೋಲ್ಟ್ ಒತ್ತಡದಲ್ಲಿ, ಪೂರ್ಣ ಸಾಮರ್ಥ್ಯದಲ್ಲಿ ಓಡುವಾಗ ಒಂದೊಂದು ಫೇಸಿನಿಂದ ಹೊರಬರುವ ಕರೆಂಟು ಸುಮಾರು 16,000 ಆಂಪಿಯರ್. 10 ಅಶ್ವಶಕ್ತಿಯ ಬೋರ್ ಮೋಟರು ಎಳೆಯುವುದು ಸುಮಾರು 15 ಆಂಪಿಯರ್ ಎಂದರೆ ಈ ಅಂಕಿಯ ಅಗಾಧತೆ ತಿಳಿದೀತು. ಇಂಥ ಯಂತ್ರದ ದಕ್ಷತೆ ನೂರಕ್ಕೆ 98.5 ಎಂದು ಹಿಡಿದರೂ ಉಳಿದ ಒಂದೂವರೆ ಪಾಲು ಅಂದರೆ ಏಳೂವರೆ ಮೆಗಾವಾಟ್, ಸುಮಾರು 3,750 ಗೀಸರುಗಳ ಬಿಸಿ, ಯಂತ್ರದೊಳಗೇ ಹುಟ್ಟುತ್ತಿರುತ್ತದೆ.

ಎರಡೂ ಕೂಡುವ ಜಾಗ

ಸ್ಟೇಟರಿನ ಒಂದೊಂದು ಸರಳೂ ಒಂಟಿ ತಾಮ್ರದ ತುಂಡಲ್ಲ. ಒಂದರ ಮೇಲೊಂದು ಪೇರಿಸಿ ಹೆಣೆದ ಚಪ್ಪಟೆ ಎಳೆಗಳ ಕಟ್ಟು ಅದು. ಟೊಳ್ಳಾದ ಎಳೆಗಳೊಳಗೆ ನೀರು ಹರಿಯುತ್ತದೆ, ತಾಮ್ರದಲ್ಲೆಲ್ಲ ಕರೆಂಟು ಹರಿಯುತ್ತದೆ. ಸರಳಿನ ತುದಿಯಲ್ಲಿ ಈ ಎಳೆಗಳನ್ನೆಲ್ಲ ಒಂದು ತಾಮ್ರದ ಪೆಟ್ಟಿಗೆಗೆ ಸೇರಿಸಿ ಬೆಸುಗೆ ಹಾಕುತ್ತಾರೆ. ಯಂತ್ರದ ಅತಿ ಸೂಕ್ಷ್ಮವಾದ ಜಾಗ ಇದು. ಇಲ್ಲಿ ಕರೆಂಟು ಒಂದು ಸರಳಿನಿಂದ ಮುಂದಿನ ಸರಳಿಗೆ ದಾಟಬೇಕು. ನೀರು ಒಳಬರಬೇಕು, ಹೊರಹೋಗಬೇಕು. ಯಂತ್ರದಿಂದ ಕರೆಂಟನ್ನು ಹೊರತರುವ ಜೋಡಣೆಯ ಪಟ್ಟಿಗಳು, ಕೊನೆಯ ಬುಶಿಂಗುಗಳು ಕೂಡ ಇದೇ ರೀತಿ ನೀರಿನಿಂದ ತಂಪಾಗುವಂಥವು.

ಆ ಬೆಸುಗೆ ಏಕಕಾಲಕ್ಕೆ ಎರಡು ಪರೀಕ್ಷೆಯಲ್ಲಿ ಪಾಸಾಗಬೇಕು. ಮೊದಲನೆಯದು ವಿದ್ಯುತ್ತಿನದು: ರೋಧ ಅತ್ಯಲ್ಪವಿರಬೇಕು. 8,000 ಆಂಪಿಯರ್ ಹರಿಯುವ ಜೋಡಣೆಯೊಂದರಲ್ಲಿ ರೋಧ ಒಂದು ಓಮಿನ ಹತ್ತು ಲಕ್ಷದ ಒಂದು ಭಾಗವಿದ್ದರೆ ಅಲ್ಲಿ ಹುಟ್ಟುವ ಬಿಸಿ 64 ವಾಟ್, ಒಂದು ಬಲ್ಬಿನಷ್ಟು. ಅದೇ ರೋಧ ನೂರು ಪಟ್ಟಾದರೆ 6,400 ವಾಟ್, ಬೆಸುಗೆಯೇ ಕರಗೀತು. ಎರಡನೆಯ ಪರೀಕ್ಷೆ ಕೊಳಾಯಿ ಕೆಲಸದ್ದು: ಒಂದು ಹನಿಯೂ ಸೋರಬಾರದು. ವಿದ್ಯುತ್ತಿನ ದೃಷ್ಟಿಯಿಂದ ಉತ್ತಮವಾದ ಬೆಸುಗೆಯಲ್ಲಿ ಕಣ್ಣಿಗೆ ಕಾಣದ ಸಣ್ಣ ರಂಧ್ರವಿದ್ದರೂ ಕರೆಂಟಿಗೆ ಅಡ್ಡಿಯಿಲ್ಲ. ನೀರಿಗೆ ಅದೇ ಹೆದ್ದಾರಿ. ಬೆಸುಗೆಯ ಸಂದಿಯಲ್ಲಿ ಜಿನುಗಿದ ನೀರು ವರ್ಷಗಟ್ಟಲೆ ಕೊರೆದು ಅವಾಹಕದ ಪದರವನ್ನು ನೆನೆಸಿಬಿಡುತ್ತದೆ.

ಇಲ್ಲಿ ಎಂಜಿನಿಯರುಗಳು ಒಂದು ಜಾಣತನ ತೋರಿದ್ದಾರೆ. ಯಂತ್ರದೊಳಗಿನ ಜಲಜನಕದ ಒತ್ತಡವನ್ನು ನೀರಿನ ಒತ್ತಡಕ್ಕಿಂತ ಸದಾ ಹೆಚ್ಚಾಗಿ ಇಟ್ಟಿರುತ್ತಾರೆ. ಎಲ್ಲಾದರೂ ಸೋರಿಕೆಯಾದರೆ ನೀರು ಹೊರಬಂದು ಸುರುಳಿಯ ಮೇಲೆ ಚೆಲ್ಲುವ ಬದಲು ಜಲಜನಕವೇ ನೀರಿನೊಳಗೆ ನುಗ್ಗುತ್ತದೆ. ನೀರಿನ ತೊಟ್ಟಿಯಲ್ಲಿ ಅನಿಲ ಕಾಣಿಸಿಕೊಂಡರೆ ಎಲ್ಲೋ ಸೋರುತ್ತಿದೆ ಎಂಬ ಮುನ್ಸೂಚನೆ ಸಿಕ್ಕಂತೆ. ಯಂತ್ರ ನಿಲ್ಲಿಸಿ ದುರಸ್ತಿ ಮಾಡುವಾಗ ನೀರನ್ನೆಲ್ಲ ಬಸಿದು, ಒಣಗಿಸಿ, ಒಳಗೆ ನಿರ್ವಾತ ಮಾಡಿ, ಅದು ಎಷ್ಟು ಹೊತ್ತು ನಿಲ್ಲುತ್ತದೆ ಎಂದು ನೋಡುತ್ತಾರೆ.

ಇನ್ನೊಂದು ಎಚ್ಚರಿಕೆಯೂ ಉಂಟು. ಒಳಬಿಡುವ ನೀರು ಸುತ್ತಲಿನ ತಂಪು ಜಲಜನಕಕ್ಕಿಂತ ತುಸು ಬೆಚ್ಚಗೇ ಇರಬೇಕು. ನೀರು ಬಹಳ ತಣ್ಣಗಿದ್ದರೆ, ಐಸ್ ಹಾಕಿದ ಶರಬತ್ತಿನ ಲೋಟದ ಹೊರಗೆ ಹನಿ ಕಟ್ಟುವಂತೆ, ಸುರುಳಿಯ ಹೊರಮೈ ಬೆವರೀತು. ತಂಪು ಮಾಡುವ ನೀರನ್ನೇ ಅತಿ ತಂಪಾಗಲು ಬಿಡಬಾರದು!

ನೀರು ಎಷ್ಟು ಶುದ್ಧ?

ಈಗ ಮೊದಲ ಪ್ರಶ್ನೆಗೆ ಬರೋಣ. ಸರಳಿನ ತುದಿಯ ಪೆಟ್ಟಿಗೆಯಲ್ಲಿ ಭೂಮಿಗೆ ಹೋಲಿಸಿದರೆ ಸುಮಾರು 12,000 ವೋಲ್ಟ್ ವರೆಗೆ ಒತ್ತಡವಿರುತ್ತದೆ. ನೀರು ಬರುವ ದೊಡ್ಡ ಕೊಳವೆಯಾದರೋ ಅರ್ಥಿಂಗ್ ಮಾಡಿದ ಉಕ್ಕಿನದು. ಎರಡರ ನಡುವೆ ಟೆಫ್ಲಾನಿನ ಮೃದು ಕೊಳವೆಯನ್ನು ಜೋಡಿಸಿರುತ್ತಾರೆ. ಟೆಫ್ಲಾನ್ ಅವಾಹಕ, ಸರಿ. ಅದರೊಳಗಿನ ನೀರು?

ಶುದ್ಧ ನೀರು ವಿದ್ಯುತ್ತನ್ನು ಬಹಳ ಕಡಿಮೆ ಹರಿಯಬಿಡುತ್ತದೆ. ಕರೆಂಟನ್ನು ಹೊತ್ತೊಯ್ಯುವುದು ಅದರಲ್ಲಿ ಕರಗಿದ ಲವಣಗಳ ಅಯಾನುಗಳು. ಒಂದು ಮೀಟರ್ ಉದ್ದದ, ಒಳಗಿನ ಅಡ್ಡಳತೆಯಲ್ಲಿ ಎರಡು ಚದರ ಸೆಂಟಿಮೀಟರ್ ಇರುವ ಕೊಳವೆಯನ್ನು ಊಹಿಸಿಕೊಳ್ಳೋಣ. ಲವಣ ತೆಗೆದು, ವಾಹಕತೆ ಸೆಂಟಿಮೀಟರಿಗೆ 1 ಮೈಕ್ರೋಸೀಮೆನ್ಸ್ ಇರುವ ನೀರು ತುಂಬಿದರೆ ಆ ನೀರಿನ ಕಂಬದ ರೋಧ 5 ಕೋಟಿ ಓಮ್. 12,000 ವೋಲ್ಟಿಗೆ ಹರಿಯುವ ಕರೆಂಟು ಒಂದು ಆಂಪಿಯರಿನ ನಾಲ್ಕು ಸಾವಿರದ ಒಂದು ಪಾಲು. ಏನೇನೂ ಅಲ್ಲ. ಅದೇ ಕೊಳವೆಗೆ ವಾಹಕತೆ 1,000 ಇರುವ ಗಡಸು ಬೋರ್ ನೀರು ತುಂಬಿದರೆ ಕರೆಂಟು ಸಾವಿರ ಪಟ್ಟು ಏರಿ, ಆ ಒಂದು ಕೊಳವೆಯಲ್ಲೇ ಸುಮಾರು 2,900 ವಾಟ್ ಬಿಸಿ ಹುಟ್ಟುತ್ತದೆ. ಇಂಥ ಹತ್ತಾರು ಕೊಳವೆಗಳಿರುವ ಯಂತ್ರದ ಗತಿ ಏನಾದೀತು? ಆದ್ದರಿಂದಲೇ ನೀರಿನ ಒಂದು ಪಾಲನ್ನು ಸದಾ ಅಯಾನು ಹೀರುವ ರಾಳದ ಪಾತ್ರೆಯ ಮೂಲಕ ಹಾಯಿಸಿ ಶುದ್ಧಗೊಳಿಸುತ್ತಿರುತ್ತಾರೆ. ವಾಹಕತೆ ಮಿತಿ ಮೀರಿದರೆ ಗಂಟೆ ಬಾರಿಸುತ್ತದೆ.

ನೀರಿನಲ್ಲಿ ಕರಗಿದ ಆಮ್ಲಜನಕದ ಆಟವೂ ವಿಚಿತ್ರ. ಅದು ನೂರು ಕೋಟಿ ಭಾಗಕ್ಕೆ 20ಕ್ಕಿಂತ ಕಡಿಮೆಯಿದ್ದರೆ ತಾಮ್ರ ಕ್ಷೇಮ. ಹತ್ತು ಲಕ್ಷ ಭಾಗಕ್ಕೆ 2ಕ್ಕಿಂತ ಹೆಚ್ಚಿದ್ದರೂ ತಾಮ್ರದ ಮೇಲೆ ಗಟ್ಟಿ ಪೊರೆ ಕಟ್ಟಿಕೊಂಡು ಕ್ಷೇಮ. ನಡುವೆ ಎಲ್ಲೋ ತೂಗಾಡಿದರೆ ಮಾತ್ರ ಕೇಡು. ತಾಮ್ರ ಸವೆದು ಆಕ್ಸೈಡ್ ಕಣಗಳು ಟೊಳ್ಳು ಎಳೆಗಳಲ್ಲಿ ಕಟ್ಟಿಕೊಳ್ಳುತ್ತವೆ, ನೀರು ನಿಂತ ಎಳೆ ಕಾದು ಹೋಗುತ್ತದೆ.

ಬಂಧುಬಳಗ

ಕರೆಂಟು ಮತ್ತು ನೀರು ಒಟ್ಟಿಗೆ ಸಾಗುವ ಜೋಡಣೆಗಳು ವಿದ್ಯುತ್ ಕೇಂದ್ರದಲ್ಲಷ್ಟೇ ಇಲ್ಲ. ಬೆಳಗಾವಿಯಂಥ ಊರುಗಳ ಫೌಂಡ್ರಿಗಳಲ್ಲಿ ಬಳಸುವ ಇಂಡಕ್ಷನ್ ಫರ್ನೇಸಿನ ಸುರುಳಿ ತಾಮ್ರದ ಕೊಳವೆಯೇ. ಕುಲುಮೆಯನ್ನು ವಾಲಿಸಿ ಲೋಹ ಸುರಿಯಬೇಕಾದ್ದರಿಂದ ಬಳುಕುವ ಕೇಬಲ್ ಬೇಕು. ರಬ್ಬರ್ ಕೊಳವೆಯೊಳಗೆ ತಾಮ್ರದ ಎಳೆಗಳು, ಅವುಗಳ ಸುತ್ತ ನೀರು. ಅಲ್ಲಿ ಸುರುಳಿ ಸೋರಿ ಕರಗಿದ ಲೋಹಕ್ಕೆ ನೀರು ಸೇರಿದರೆ ಆವಿಯಾಗಿ ಸಿಡಿಯುವ ಅಪಾಯ. ನೀರಿನಿಂದ ತಂಪಾಗುವ ಟಿಗ್ ವೆಲ್ಡಿಂಗಿನ ಟಾರ್ಚಿಗೂ ಇದೇ ಬಗೆಯ ಕೇಬಲ್ ಉಂಟು. ತುದಿಯ ಒಂದೇ ಹಿತ್ತಾಳೆ ನಟ್ಟು ಕರೆಂಟನ್ನೂ ನೀರನ್ನೂ ದಾಟಿಸುತ್ತದೆ. ವಿದ್ಯುತ್ ಕಾರುಗಳನ್ನು ಬಹಳ ಬೇಗ ಚಾರ್ಜ್ ಮಾಡುವ ದೊಡ್ಡ ಚಾರ್ಜರುಗಳ ಕೇಬಲ್ಲಿನಲ್ಲೂ ದ್ರವ ಹರಿಯುತ್ತದೆ. ಇಲ್ಲದಿದ್ದರೆ 500 ಆಂಪಿಯರ್ ಹೊರುವ ಕೇಬಲ್ಲನ್ನು ಒಬ್ಬರೇ ಎತ್ತಲು ಕಷ್ಟ.

ಬೋರಿನ ಜಾಯಿಂಟು

ಇಷ್ಟನ್ನು ತಿಳಿದ ಮೇಲೆ ಕಮಲಾಪುರದ ಬೋರಿನ ಕೇಬಲ್ ಜಾಯಿಂಟನ್ನು ಬೇರೆ ಕಣ್ಣಿನಿಂದ ನೋಡಬೇಕಾಗುತ್ತದೆ. ಮೋಟರಿನಿಂದ ಬರುವ ಗಿಡ್ಡ ಕೇಬಲ್ಲಿಗೆ ಮೇಲಿನವರೆಗೆ ಹೋಗುವ ಉದ್ದ ಕೇಬಲ್ಲನ್ನು ಕೂಡಿಸುವ ಜಾಗ ಅದು. ಅದಕ್ಕೂ ಎರಡು ಪರೀಕ್ಷೆ: ಕರೆಂಟು ಸಲೀಸಾಗಿ ದಾಟಬೇಕು, ನೀರು ಒಳಗೆ ಬರಬಾರದು. ಅವಸರದಲ್ಲಿ ತಂತಿಗಳನ್ನು ಬರಿಗೈಯಲ್ಲಿ ಹೊಸೆದು ಟೇಪು ಸುತ್ತಿದ ಜಾಯಿಂಟಿನ ರೋಧ ಒಂದು ಓಮಿನ ಹತ್ತನೆಯ ಒಂದು ಭಾಗವಿದ್ದರೂ 15 ಆಂಪಿಯರಿಗೆ ಅಲ್ಲಿ 22 ವಾಟಿನಷ್ಟು ಬಿಸಿ ಹುಟ್ಟುತ್ತದೆ. ರೇಡಿಯೊ ರಿಪೇರಿಯವರ ಸಾಲ್ಡರಿಂಗ್ ಐರನ್ನನ್ನು ಟೇಪಿನೊಳಗೆ ಸುತ್ತಿಟ್ಟಂತೆ! ಟೇಪು ಮೆತ್ತಗಾಗುತ್ತದೆ, ನೀರು ಜಿನುಗುತ್ತದೆ. ಒಂದು ಫೇಸು ಕಡಿದುಹೋದರೆ ಮೋಟರು ಉಳಿದೆರಡು ಫೇಸಿನಲ್ಲಿ ಹೆಣಗಾಡಿ ಸುಡುತ್ತದೆ.

ಒಳ್ಳೆಯ ಜಾಯಿಂಟಿಗೆ ದುಬಾರಿ ಸಾಮಾನು ಬೇಕಿಲ್ಲ. ತಂತಿಯನ್ನು ಹೊಳೆಯುವಂತೆ ಕೆರೆದು, ತಾಮ್ರದ ತೋಳಿನೊಳಗೆ ಸೇರಿಸಿ ಬಿಗಿಯಾಗಿ ಒತ್ತಬೇಕು, ಇಲ್ಲವೆ ಚೆನ್ನಾಗಿ ಬೆಸುಗೆ ಹಾಕಬೇಕು. ಮೂರು ಜಾಯಿಂಟುಗಳು ಒಂದೇ ಸಾಲಿನಲ್ಲಿ ಬಾರದಂತೆ ಮೇಲೆ ಕೆಳಗೆ ಮಾಡಬೇಕು. ಮೊದಲು ರಬ್ಬರ್ ಟೇಪನ್ನು ಎಳೆದೆಳೆದು ಸುತ್ತಿ, ಅದರ ಮೇಲೆ ಪಿವಿಸಿ ಟೇಪು ಸುತ್ತಬೇಕು. ಆಮೇಲೆ ಜಾಯಿಂಟನ್ನು ಬಕೆಟ್ಟಿನ ನೀರಲ್ಲಿ ಕೆಲವು ತಾಸು ಮುಳುಗಿಸಿಟ್ಟು, ಮೆಗರ್ ಹಚ್ಚಿ ಅವಾಹಕತೆಯನ್ನು ನೋಡಿಯೇ ಬೋರಿಗೆ ಇಳಿಸಬೇಕು. ಕುಡತಿನಿಯಲ್ಲಿ ನಿರ್ವಾತದಿಂದ ಮಾಡುವ ಪರೀಕ್ಷೆಯನ್ನು ಇಲ್ಲಿ ಒಂದು ಬಕೆಟ್ ನೀರು ಮಾಡುತ್ತದೆ. ಟೇಪಿನ ಖರ್ಚು ಉಳಿಸಲು ಹೋಗಿ ಮೋಟರು, ಬೆಳೆ ಎರಡನ್ನೂ ಕಳೆದುಕೊಂಡವರಿಗೆ, ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬಾರದು ಎಂಬ ಗಾದೆಯನ್ನು ಬಿಡಿಸಿ ಹೇಳಬೇಕಾಗಿಲ್ಲ.

ಕೊನೆಯದಾಗಿ ಜೀವದ ಮಾತು. ಕೇಬಲ್ ಕೂಡಿಸುವಾಗ ಕರೆಂಟು ಹೋಗಿದೆ ಎಂಬ ಭರವಸೆ ಸಾಲದು. ಅದು ಯಾವ ಗಳಿಗೆಯಲ್ಲಾದರೂ ಬರಬಹುದು. ಮೇನ್ ಸ್ವಿಚ್ ಇಳಿಸಿ ಫ್ಯೂಜು ತೆಗೆದು ಜೇಬಿನಲ್ಲಿ ಇಟ್ಟುಕೊಳ್ಳುವುದು ಒಳ್ಳೆಯದು. ಸ್ಟಾರ್ಟರಿನ ಪೆಟ್ಟಿಗೆಗೂ ಬೋರಿನ ಕಬ್ಬಿಣದ ಪೈಪಿಗೂ ಸರಿಯಾದ ಅರ್ಥಿಂಗ್ ಇರಬೇಕು. ಸೋರಿಕೆ ಕಂಡೊಡನೆ ಕರೆಂಟು ಕಡಿಯುವ ಬ್ರೇಕರ್ ಇದ್ದರೆ ಇನ್ನೂ ಉತ್ತಮ. ವಿದ್ಯುತ್ ಕೇಂದ್ರದಲ್ಲಿ ನೀರು ಮತ್ತು ಕರೆಂಟಿನ ನಡುವೆ ಲವಣ ತೆಗೆದ ನೀರು, ಟೆಫ್ಲಾನ್, ಹಗಲಿರುಳು ಕಾಯುವ ಮೀಟರುಗಳಿವೆ. ಹೊಲದ ಬೋರಿನ ನೀರು ಲವಣದ ನೀರು, ಅಲ್ಲಿ ಕಾಯುವವರೂ ಇಲ್ಲ. ಆದ್ದರಿಂದ ಒದ್ದೆ ಕೈಯಿಂದ ಸ್ವಿಚ್ ಮುಟ್ಟಬಾರದು ಎಂಬ ಮನೆಯ ಪಾಠವನ್ನು ತೋಟದಲ್ಲಿ ಇನ್ನೂ ಬಿಗಿಯಾಗಿ ಪಾಲಿಸಬೇಕು.